ಕಲ್ಲು ಹೊಯಿಗೆಯಾಗುವುದು ಹೇಗೆ?



ನಮ್ಮ ಪಾಠದಲ್ಲಿ ಶಿಥಿಲೀಕರಣ, ಸವೆತ ಎಂಬ ಎರಡು ಶಬ್ದ ಉಂಟು. ಪರೀಕ್ಷೆಯಲ್ಲಿ ಒಂದನ್ನು ಕೇಳಿದರೆ ಇನ್ನೊಂದನ್ನು ಬರೆಯುವವರೇ ಹೆಚ್ಚು. ಕಲ್ಲು ಇದ್ದಲ್ಲೇ ಬಿರಿದು ಪುಡಿಯಾಗುವುದು ಶಿಥಿಲೀಕರಣ. ಆ ಪುಡಿಯನ್ನು ನೀರು, ಗಾಳಿ, ಅಲೆಗಳು ಹೊತ್ತುಕೊಂಡು ಹೋಗುವುದು ಸವೆತ. ಹೊತ್ತದ್ದನ್ನು ಬೇರೆ ಕಡೆ ಹಾಕುವುದು ಸಂಚಯನ. ತೆಂಗಿನಕಾಯಿ ತುರಿಯುವುದು ಒಂದು ಕೆಲಸ, ತುರಿದದ್ದನ್ನು ಪಾತ್ರೆಗೆ ಹಾಕುವುದು ಇನ್ನೊಂದು ಕೆಲಸ ಅಲ್ವಾ? ಹಾಗೆಯೇ ಇದು. ಮೂರನ್ನೂ ಒಂದೇ ದಿನ ಕಣ್ಣಾರೆ ನೋಡಬೇಕಾದರೆ ಕಾಪು ಕಡಲ ಬದಿಗೆ ಹೋಗಬೇಕು.

1. ದೀಪಸ್ತಂಭದ ಬಂಡೆ

ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಎತ್ತರ ಸುಮಾರು 27 ಮೀಟರ್. ಗಟ್ಟಿ ಬಂಡೆಯ ಮೇಲೆ ಕಟ್ಟಿದ್ದರಿಂದ ಇಷ್ಟು ವರ್ಷ ಅಲೆಗಳ ಬದಿಯಲ್ಲೇ ನಿಂತಿದೆ. ಆದರೆ ಬಂಡೆಗೂ ಆಯುಷ್ಯ ಉಂಟು. ಹಗಲು ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಬಿರುಕಿನೊಳಗೆ ಹೋದ ಉಪ್ಪುನೀರು ಒಣಗಿದರೆ ಉಪ್ಪಿನ ಹರಳು ಬೆಳೆದು ಕಲ್ಲನ್ನು ಒಳಗಿನಿಂದ ನೂಕುತ್ತದೆ. ಇದು ಶಿಥಿಲೀಕರಣ. ಸಡಿಲವಾದ ಚೂರನ್ನು ಅಲೆ ಎಳೆದು, ಉರುಳಿಸಿ, ಉಜ್ಜುತ್ತದೆ. ಅದಕ್ಕೇ ನೀರಿನ ಬದಿಯ ಕಲ್ಲುಗಳು ಮೂಲೆ ಸವೆದು ನುಣ್ಣಗೆ ಇರುತ್ತವೆ.

2. ಮನೆ ಗೋಡೆಯ ಮುರಕಲ್ಲು

ಮುರಕಲ್ಲು ಶಿಥಿಲೀಕರಣದಿಂದಲೇ ಹುಟ್ಟಿದ್ದು. ಲಕ್ಷಾಂತರ ವರ್ಷ ಮಳೆನೀರು ಇಳಿದು ಬಂಡೆಯ ಕೆಲವು ಅಂಶಗಳನ್ನು ಕರಗಿಸಿ ಒಯ್ದಿತು. ಕಬ್ಬಿಣ, ಅಲ್ಯೂಮಿನಿಯಂ ಅಂಶ ಮಾತ್ರ ಉಳಿಯಿತು. ಕಬ್ಬಿಣದ ತುಕ್ಕಿನಿಂದ ಅದಕ್ಕೆ ಕೆಂಪು ಬಣ್ಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ. ಅದೇ ಮಳೆಯಲ್ಲಿ ಕಾರ್ಕಳದ 42 ಅಡಿಯ ಗೊಮ್ಮಟ 1432ರಿಂದ ನೆನೆಯುತ್ತಾ ನಿಂತಿದ್ದಾನೆ, ಮುಖದ ನಗು ಇನ್ನೂ ಮಾಸಿಲ್ಲ. ಗಟ್ಟಿ ಕಲ್ಲು ಅಷ್ಟು ನಿಧಾನವಾಗಿ ಸವೆಯುತ್ತದೆ.

3. ಒಂದು ಮುಷ್ಟಿ ಹೊಯಿಗೆ

ಹೊಯಿಗೆಯನ್ನು ಬಿಳಿ ಕಾಗದದ ಮೇಲೆ ಹರಡಿ. ಹೊಳೆಯುವ ಬಿಳಿ ಕಾಳು ಬೆಣಚುಕಲ್ಲಿನದು. ಅದು ಬಹಳ ಗಟ್ಟಿ, ಆದ್ದರಿಂದ ಕೊನೆಯವರೆಗೆ ಉಳಿಯುತ್ತದೆ. ಕಪ್ಪು ಕಾಳಿನ ಹತ್ತಿರ ಅಯಸ್ಕಾಂತ ಹಿಡಿಯಿರಿ, ಕೆಲವು ಅಂಟಿಕೊಳ್ಳುತ್ತವೆ. ಚಿಪ್ಪಿನ ಚೂರಿಗೆ ನಿಂಬೆರಸ ಹಾಕಿದರೆ ಸಣ್ಣ ಗುಳ್ಳೆ ಏಳುತ್ತದೆ, ಅದು ಸುಣ್ಣದ ಅಂಶ. ಘಟ್ಟದ ಕಲ್ಲು ಪುಡಿಯಾಗಿ ಹೊಳೆಯಲ್ಲಿ ಹರಿದು ಕಡಲಿಗೆ ಬಂದು ಹೊಯಿಗೆ ಆಗಿದೆ.

4. ಕಡಲ್ಕೊರೆತ

ಮಳೆಗಾಲದ ದೊಡ್ಡ ಅಲೆಗಳು ದಡದ ಹೊಯಿಗೆಯನ್ನು ಕಡಲೊಳಗೆ ಎಳೆಯುತ್ತವೆ. ಮಳೆ ಬಿಟ್ಟ ಮೇಲೆ ಸಣ್ಣ ಅಲೆಗಳು ಅದನ್ನು ತಿರುಗಿ ತಂದು ಹಾಕುತ್ತವೆ. ಇದು ಕಡಲಿನ ಲೆಕ್ಕ. ಕೊಂಡು ಹೋದದ್ದಕ್ಕಿಂತ ತಂದದ್ದು ಕಡಿಮೆಯಾದರೆ ದಡ ಹಿಂದೆ ಸರಿಯುತ್ತದೆ. ಹೊಳೆಗೆ ಅಣೆಕಟ್ಟು ಕಟ್ಟಿದರೆ, ಹೊಳೆಯ ಹೊಯಿಗೆ ಹೆಚ್ಚು ತೆಗೆದರೆ ಕಡಲಿಗೆ ಬರುವುದು ಕಡಿಮೆಯಾಗುತ್ತದೆ. ಉಳ್ಳಾಲ, ಪಡುಬಿದ್ರಿ, ಮರವಂತೆಯ ಹೆಸರು ಮಳೆಗಾಲದ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ತೆಂಗಿನ ಮರ ಬೀಳುತ್ತದೆ, ರಸ್ತೆ ಕುಸಿಯುತ್ತದೆ, ದಡದ ಮನೆಯವರಿಗೆ ರಾತ್ರಿ ನಿದ್ದೆ ಇಲ್ಲ. ಕಲ್ಲಿನ ತಡೆಗೋಡೆ ಹಿಂದಿನ ಮನೆಗಳನ್ನು ಕಾಯುತ್ತದೆ, ಆದರೆ ಅದು ಮುಗಿಯುವಲ್ಲಿ ಕೊರೆತ ಜಾಸ್ತಿಯಾಗುವುದುಂಟು. ಒಬ್ಬರ ಗೋಡೆ ನೆರೆಮನೆಯವರ ಚಿಂತೆ ಆಗಬಹುದು. ಹೊಯಿಗೆಯ ಮೇಲೆ ನೇರಳೆ ಹೂ ಬಿಡುವ ಬಳ್ಳಿ ಹರಡಿರುತ್ತದೆ. ಅದು ಹೊಯಿಗೆಯನ್ನು ಹಿಡಿದಿಡುತ್ತದೆ. ಆಟಕ್ಕೂ ಅದನ್ನು ಕೀಳಬೇಡಿ.

5. ತರಗತಿಯಲ್ಲಿ ಮಾಡಿ ನೋಡಿ

ಮುರಕಲ್ಲಿನ ಐದಾರು ಚೂರು, ಅರ್ಧ ಡಬ್ಬಿ ನೀರು. ಮುಚ್ಚಳ ಹಾಕಿ 200 ಸಲ ಕುಲುಕಿ. ನೀರು ಕೆಂಪಾಗುತ್ತದೆ, ಚೂರುಗಳ ಮೂಲೆ ಸವೆಯುತ್ತದೆ. ಕಡಲು ಮಾಡುವ ಕೆಲಸವೂ ಇದೇ.

ಕರೆದುಕೊಂಡು ಹೋಗುವ ಗುರುಗಳಲ್ಲಿ ವಿನಂತಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಇಳಿತದ ಹೊತ್ತು ನೋಡಿ ಹೊರಡಬೇಕು. ಪಾಚಿ ಹಿಡಿದ ಬಂಡೆಗೆ ಯಾರೂ ಹತ್ತಬಾರದು. ಒಂದು ಗುರುತಿನ ಕಲ್ಲಿನಿಂದ ಉಬ್ಬರದ ಗೆರೆಯವರೆಗೆ ಹಗ್ಗದಲ್ಲಿ ಅಳೆದು ಬರೆದಿಟ್ಟರೆ, ಮುಂದಿನ ವರ್ಷದ ಮಕ್ಕಳು ಅದೇ ತಿಂಗಳು ಅಳೆದು ದಡ ಎಷ್ಟು ಸರಿದಿದೆ ಎಂದು ತಿಳಿಯಬಹುದು.

ನಿಮಗೊಂದು ಪ್ರಶ್ನೆ: ಶಾಲೆಯ ಮಾಡಿನ ನೀರು ಬೀಳುವಲ್ಲಿ ಅಂಗಳದ ಮಣ್ಣಿನಲ್ಲಿ ಸಾಲು ಗುಳಿ ಬಿದ್ದಿದೆ. ಅದು ಶಿಥಿಲೀಕರಣವೋ, ಸವೆತವೋ? ಕಾರಣ ಸಮೇತ ಬರೆದು ಕೊಡಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.