ಭಾನುವಾರದ ಜಗಳದಲ್ಲಿ ಹುಟ್ಟಿದ ಪದ

ಆಂಟಿಸಬಟೇರಿಯನ್. ದೊಡ್ಡ ಇಂಗ್ಲಿಷ್ ನಿಘಂಟುಗಳ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿರುವ ಪದವಿದು. ಸಬ್ಬತ್ ಆಚರಣೆಯನ್ನು ವಿರೋಧಿಸುವವನು ಎಂಬುದು ಅರ್ಥ. ಕೇಳಲು ಒಣ ಪಾಂಡಿತ್ಯ ಎನಿಸಿದರೂ ಇದರ ಹಿಂದಿರುವುದು ವಾರವಿಡೀ ದುಡಿದವನು ಬಿಡುವಿನ ದಿನ ಕುಣಿಯಬಹುದೇ, ಕೂಡದೇ ಎಂಬ ಜಗಳ.

ಪದವನ್ನು ಬಿಡಿಸಿ ನೋಡೋಣ. ‘ಆಂಟಿ’ ಎಂದರೆ ಗ್ರೀಕ್ ಭಾಷೆಯಲ್ಲಿ ವಿರುದ್ಧ. ಉಳಿದುದರ ಬೇರು ಹೀಬ್ರೂವಿನ ‘ಶಬ್ಬತ್’. ನಿಲ್ಲಿಸು, ವಿರಮಿಸು ಎಂಬ ಧಾತುವಿಗೆ ಸೇರಿದ್ದು. ಗ್ರೀಕ್, ಲ್ಯಾಟಿನ್‌ಗಳನ್ನು ದಾಟಿ ಅದು ಇಂಗ್ಲಿಷಿಗೆ ಬಂತು. ಕನ್ನಡ ಬೈಬಲಿನ ‘ಸಬ್ಬತ್ ದಿನ’ವೂ ಇದೇ ಬಳ್ಳಿಯ ಕಾಯಿ. ಯೆಹೂದ್ಯರ ಸಬ್ಬತ್ ಶನಿವಾರ. ಬಹುಪಾಲು ಕ್ರೈಸ್ತರ ಆರಾಧನೆಯ ದಿನ ಭಾನುವಾರ.

ಜಗಳದ ಕಿಡಿ ಹೊತ್ತಿದ್ದು ಇಂಗ್ಲೆಂಡಿನಲ್ಲಿ. ಸಬ್ಬತ್ತಿನ ಕಟ್ಟುಪಾಡು ಭಾನುವಾರಕ್ಕೂ ಅನ್ವಯಿಸುತ್ತದೆ, ಅಂದು ಆಟಪಾಟವೂ ಸಲ್ಲದು ಎಂದು ಪಾದ್ರಿ ನಿಕೊಲಸ್ ಬೌಂಡ್ 1595ರಲ್ಲಿ ಪುಸ್ತಕ ಬರೆದ. ಪ್ಯೂರಿಟನ್ ಪಂಥದವರು ಅದನ್ನು ಎತ್ತಿ ಹಿಡಿದರು. ದೊರೆ ಒಂದನೇ ಜೇಮ್ಸ್ ಒಪ್ಪಲಿಲ್ಲ. ಉಳಿದೆಲ್ಲ ದಿನ ದುಡಿಯುವ ಬಡವನಿಗೆ ಭಾನುವಾರವೂ ಆಟವಿಲ್ಲವೆಂದರೆ ಇನ್ನು ಯಾವಾಗ ಎಂಬುದು ಅವನ ವಾದ. 1618ರ ಅವನ ಘೋಷಣೆ, ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ನೃತ್ಯ, ಬಿಲ್ಲುಗಾರಿಕೆ, ಜಿಗಿತಗಳಿಗೆ ಅನುಮತಿ ಕೊಟ್ಟಿತು. ಕರಡಿ ಕಾಳಗಕ್ಕೆ ಮಾತ್ರ ಇಲ್ಲ! 1633ರಲ್ಲಿ ಮಗ ಚಾರ್ಲ್ಸ್ ಅದನ್ನೇ ಮತ್ತೆ ಹೊರಡಿಸಿದ. ಚರ್ಚಿನಲ್ಲಿ ಓದಲೊಲ್ಲದ ಕೆಲವು ಪಾದ್ರಿಗಳು ಹುದ್ದೆ ಕಳೆದುಕೊಂಡರು. ಪ್ಯೂರಿಟನ್ನರ ಕೈ ಮೇಲಾದಾಗ, 1643ರಲ್ಲಿ, ಪಾರ್ಲಿಮೆಂಟು ಆ ಘೋಷಣೆಯನ್ನು ಬಹಿರಂಗವಾಗಿ ಸುಡಿಸಿತು.

ಈ ಶತಮಾನದ ಕೆಸರೆರಚಾಟದಲ್ಲೇ ನಮ್ಮ ಪದ ಬಳಕೆಗೆ ಬಂದದ್ದು. ಹಾಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರು ಪ್ರಾರ್ಥನೆಯನ್ನಾಗಲಿ ವಿಶ್ರಾಂತಿಯನ್ನಾಗಲಿ ವಿರೋಧಿಸಿರಲಿಲ್ಲ. ಮೋಶೆಯ ಕಾಲದ ಕಟ್ಟಳೆ ಕ್ರೈಸ್ತರನ್ನು ಕಟ್ಟಿಹಾಕದು ಎಂದಿದ್ದರು, ಅಷ್ಟೆ. ‘ಆಂಟಿ’ ಎಂಬ ಎರಡಕ್ಷರ ಆ ಭೇದವನ್ನೆಲ್ಲ ನುಂಗಿಹಾಕಿತು.

ಪದ ಮೂಲೆ ಸೇರಿತು, ಪ್ರಶ್ನೆ ಸೇರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಕಾಲ ತೆರೆಯಲು ಅವಕಾಶ ಸಿಕ್ಕಿದ್ದು 1994ರ ಕಾನೂನಿನಿಂದ. ಅಂದು ದುಡಿಯಲು ಒಲ್ಲೆ ಎನ್ನುವ ಹಕ್ಕನ್ನೂ ಅದೇ ಕಾನೂನು ಅಂಗಡಿ ನೌಕರರಿಗೆ ಕೊಟ್ಟಿತು. ಅಂದು ಆಟವಾಡುವ ಹಕ್ಕಿನ ಮಾತು, ಇಂದು ಸುಮ್ಮನಿರುವ ಹಕ್ಕಿನದು. ಎರಡೂ ಕಡೆ ಲೆಕ್ಕಕ್ಕೆ ಸಿಕ್ಕಿದ್ದು ದುಡಿಯುವವನ ಅದೇ ಒಂದು ದಿನ.