ನೀರಿನ ಕರವೂ ನೀರಿನ ಅಳತೆಯೂ: ಕೂಡ್ಲಿಗಿ–ಹರಪನಹಳ್ಳಿ ಸೀಮೆಯನ್ನು ಕುರಿತ ಒಂದು ವಿಚಾರ

ಮನೆಯ ನಲ್ಲಿಗೆ ಬರುವ ನೀರಿಗೆ ಕರವನ್ನು ಎರಡು ಬಗೆಯಾಗಿ ವಿಧಿಸಬಹುದು. ನೀರು ಎಷ್ಟೇ ಬರಲಿ, ಒಂದು ನಲ್ಲಿಗೆ ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡುವುದು ಒಂದು ಬಗೆ; ಮೀಟರನ್ನು ಕೂಡಿಸಿ, ಬಳಸಿದ ನೀರನ್ನು ಅಳೆದು, ಆ ಅಳತೆಗೆ ತಕ್ಕ ಹಣವನ್ನು ಪಡೆಯುವುದು ಇನ್ನೊಂದು ಬಗೆ. ಮೊದಲನೆಯದನ್ನು ಸ್ಥಿರದರವೆಂದೂ ಎರಡನೆಯದನ್ನು ಅಳತೆದರವೆಂದೂ ನಾವು ಇಲ್ಲಿ ಕರೆಯುತ್ತೇವೆ. ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ಸ್ಥಿರದರ. ಆದರೆ ೨೦೧೯ರಲ್ಲಿ ಜಲಜೀವನ ಯೋಜನೆ ಆರಂಭವಾಗಿ, ನಮ್ಮ ರಾಜ್ಯದಲ್ಲಿ ಅದು ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ಹಳ್ಳಿಗಳನ್ನು ತಲುಪಿದಾಗ, ಅನೇಕ ಗ್ರಾಮಗಳಲ್ಲಿ ಹೊಸ ನಲ್ಲಿಯೊಡನೆ ಮೀಟರೂ ಬಂದಿತು. ಕೆಲವೆಡೆ ಜನರು ಅದನ್ನು ಆಕ್ಷೇಪಿಸಿದರು. ಆ ಆಕ್ಷೇಪಣೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ; ಅದರ ಹಿಂದಿರುವ ನ್ಯಾಯವನ್ನು ವಿಚಾರಿಸುವುದು ಇತಿಹಾಸದ ಅಭ್ಯಾಸಿಗಳಿಗೆ ಉಚಿತವಾದ ಕೆಲಸ. ಈ ವಿಚಾರಕ್ಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳನ್ನು ನಾವು ಆರಿಸಿಕೊಂಡಿದ್ದೇವೆ.

೧. ಸೀಮೆಯ ಸ್ವರೂಪ

ಈ ಐದು ತಾಲ್ಲೂಕುಗಳು ಇಂದು ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಪ್ರಾಂತದಲ್ಲಿ ಈ ಸೀಮೆಯೂ ಇದ್ದಿತು. ಬಳಿಕ ಇದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿ, ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ಹರಪನಹಳ್ಳಿ ಮಾತ್ರ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ೨೦೧೮ರಲ್ಲಿ ಮತ್ತೆ ಬಳ್ಳಾರಿಗೆ ಹಿಂದಿರುಗಿತು.

ಆಡಳಿತ ಎಷ್ಟು ಸಲ ಬದಲಾದರೂ ನೀರಿನ ಕೊರತೆ ಬದಲಾಗಲಿಲ್ಲ. ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಹಗರಿಬೊಮ್ಮನಹಳ್ಳಿಗೆ ಹಗರಿಯ ಹಳ್ಳವೂ ಮಾಲವಿ ಜಲಾಶಯವೂ ಉಂಟು. ಕೂಡ್ಲಿಗಿ, ಕೊಟ್ಟೂರುಗಳಿಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಅಲ್ಲಿಯ ಜನರು ಕೆರೆಯನ್ನೂ ಬಾವಿಯನ್ನೂ ನಂಬಿದ್ದರು, ಈಚೆಗೆ ಕೊಳವೆಬಾವಿಯನ್ನು ನಂಬಿದರು. ಕೂಡ್ಲಿಗಿಯ ಕಡೆ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಹೆಚ್ಚಾಗಿರುವುದರಿಂದ ಅಲ್ಲಿ ನೀರಿನ ಪ್ರಮಾಣದಷ್ಟೇ ನೀರಿನ ಗುಣವೂ ಚಿಂತೆಯ ವಿಷಯವಾಗಿದೆ. ಭಾರತೀಯ ಮಾನಕದಂತೆ ಒಂದು ಲೀಟರು ಕುಡಿಯುವ ನೀರಿನಲ್ಲಿ ಫ್ಲೋರೈಡು ಹೆಚ್ಚೆಂದರೆ ೧.೫ ಮಿಲಿಗ್ರಾಮಿನಷ್ಟಿರಬಹುದು. ತುಂಗಭದ್ರೆಯ ಹಿನ್ನೀರನ್ನು ಪಾವಗಡದವರೆಗೆ ಒಯ್ಯುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯಲ್ಲಿ ಕೂಡ್ಲಿಗಿಯನ್ನು ಸೇರಿಸಿದುದು ಈ ಹಿನ್ನೆಲೆಯಲ್ಲಿಯೇ.

೨. ಹಿಂದಿನವರ ಲೆಕ್ಕ

ನೀರಿಗಾಗಿ ಏನನ್ನಾದರೂ ಕೊಡುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಆದರೆ ಹಿಂದಿನ ಕಾಲದಲ್ಲಿ ಕೊಡುವವನ ಹೊಣೆಯೂ ನೀರನ್ನು ಒದಗಿಸುವವನ ಹೊಣೆಯೂ ಒಂದಕ್ಕೊಂದು ಕಟ್ಟುಬಿದ್ದಿದ್ದವು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಇದಕ್ಕೆ ಸಾಕ್ಷಿ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ಕಾಪಾಡುವವನಿಗೆ ಆ ಕೆರೆಯ ಕೆಳಗಿನ ಭೂಮಿಯಲ್ಲಿ ಒಂದು ಪಾಲು ಸಲ್ಲುತ್ತಿತ್ತು. ಕೆರೆ ಒಡೆದು ನೀರು ಹರಿಯದಿದ್ದರೆ ಆ ಭೂಮಿಯೂ ಬೆಳೆಯುತ್ತಿರಲಿಲ್ಲ. ಹೀಗೆ ನೀರು ತಪ್ಪಿದರೆ ನೀರಿನ ಹೊಣೆ ಹೊತ್ತವನ ಆದಾಯವೂ ತಪ್ಪುತ್ತಿತ್ತು. ತೂಬನ್ನು ತೆಗೆದು ಸರದಿಯ ಮೇಲೆ ಗದ್ದೆಗಳಿಗೆ ನೀರು ಬಿಡುವವನು ನೀರುಗಂಟಿ. ಇಂದು ಗ್ರಾಮ ಪಂಚಾಯಿತಿಯಲ್ಲಿ ಪಂಪನ್ನು ನಡೆಸಿ ವಾಲ್ವನ್ನು ತಿರುಗಿಸುವ ನೌಕರನಿಗೂ ಅದೇ ಹೆಸರು ಉಳಿದಿರುವುದನ್ನು ಓದುಗರು ಗಮನಿಸಬೇಕು.

ಕಂಪನಿ ಸರ್ಕಾರದ ಕಾಲದಲ್ಲಿ ಈ ಸಂಬಂಧ ಬೇರೊಂದು ರೂಪವನ್ನು ತಾಳಿತು. ೧೮೦೦ರಿಂದ ೧೮೦೭ರವರೆಗೆ ಈ ಪ್ರಾಂತದ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಭೂಮಿಯನ್ನು ಅಳೆಯಿಸಿ, ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಇಲ್ಲಿ ಬೆಳೆಸಿದನು. ಈ ಪದ್ಧತಿಯಲ್ಲಿ ಖುಷ್ಕಿಗಿಂತ ತರಿ ಜಮೀನಿಗೆ ಹೆಚ್ಚಿನ ದರವಿತ್ತು. ಆ ಹೆಚ್ಚಿನ ಭಾಗದಲ್ಲಿ ನೀರಿನ ಬೆಲೆಯೂ ಅಡಗಿತ್ತು. ಹರಿದ ನೀರನ್ನು ಯಾರೂ ಅಳೆಯುತ್ತಿರಲಿಲ್ಲವಾದುದರಿಂದ ಇದನ್ನು ಒಂದು ಬಗೆಯ ಸ್ಥಿರದರವೆಂದೇ ಹೇಳಬೇಕು. ಆದರೆ ಮದರಾಸು ರೈತವಾರಿಯಲ್ಲಿ ಈ ಸ್ಥಿರದರಕ್ಕೆ ಜೋಡಿಯಾಗಿ ಮತ್ತೊಂದು ವಿಧಿ ಇದ್ದಿತು. ಕೆರೆ ತುಂಬದೆ ತರಿ ಬೆಳೆ ಕೆಟ್ಟ ವರ್ಷ ಜಮಾಬಂದಿಯ ಕಾಲದಲ್ಲಿ ಆ ಜಮೀನಿನ ಕಂದಾಯವನ್ನು ವಜಾ ಮಾಡುವ ಅವಕಾಶವಿತ್ತು. ಈ ವಜಾ ಎಲ್ಲ ಕಾಲದಲ್ಲಿಯೂ ನ್ಯಾಯವಾಗಿ ದೊರೆಯಿತೆಂದು ನಾವು ಹೇಳುವುದಿಲ್ಲ. ೧೮೭೬–೭೮ರ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಎಷ್ಟು ಹಾಳುಮಾಡಿತೆಂಬುದನ್ನು ಬಲ್ಲವರು ಹಾಗೆ ಹೇಳಲಾರರು. ಆದರೂ ತತ್ತ್ವವೊಂದು ಒಪ್ಪಿತವಾಗಿತ್ತು: ನೀರು ಇಲ್ಲದಲ್ಲಿ ನೀರಿನ ಕರವೂ ಇಲ್ಲ.

ಇಂದಿನ ಮನೆಯ ನಲ್ಲಿಯ ಸ್ಥಿರದರದಲ್ಲಿ ಲೋಪವಾಗಿರುವುದು ಈ ವಜಾ ಎಂಬ ಅಂಗವೇ. ತಿಂಗಳಿಗೆ ಹತ್ತು ದಿನ ನೀರು ಬಂದರೂ ನಾಲ್ಕು ದಿನ ಬಂದರೂ ಕೊಡಬೇಕಾದ ಹಣ ಒಂದೇ.

೩. ಮೀಟರಿನ ಗುಣ ದೋಷಗಳು

ಅಳತೆದರದಲ್ಲಿ ವಜಾ ತಾನಾಗಿಯೇ ಒದಗುತ್ತದೆ. ನೀರು ಬಾರದ ದಿನ ಮೀಟರು ತಿರುಗುವುದಿಲ್ಲ. ತಿರುಗದ ಮೀಟರಿಗೆ ಕರವಿಲ್ಲ. ಇದು ಮೀಟರಿನ ಮೊದಲನೆಯ ಗುಣ. ಒಡೆದ ಕೊಳವೆಯಲ್ಲಿ, ಮುಚ್ಚದ ನಲ್ಲಿಯಲ್ಲಿ ಹರಿದುಹೋಗುವ ನೀರಿನ ಲೆಕ್ಕ ಸಿಕ್ಕುವುದು ಎರಡನೆಯ ಗುಣ.

ಆದರೆ ಈ ಗುಣಗಳೆಲ್ಲವೂ ಕೊಳವೆಯಲ್ಲಿ ಸದಾ ಒತ್ತಡದಿಂದ ನೀರಿದ್ದಲ್ಲಿ ಮಾತ್ರ ಸರಿಯಾಗಿ ಫಲಿಸುತ್ತವೆ. ಮೀಟರಿನ ಒಳಗೆ ಹರಿವಿನ ವೇಗಕ್ಕೆ ತಿರುಗುವ ಸಣ್ಣ ಚಕ್ರವಿರುತ್ತದೆ. ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಊರಿನಲ್ಲಿ ನಡುವಣ ದಿನಗಳಲ್ಲಿ ಕೊಳವೆ ಬರಿದಾಗಿ ಗಾಳಿ ತುಂಬಿಕೊಳ್ಳುತ್ತದೆ. ನೀರು ಬಿಟ್ಟ ಕೂಡಲೆ ಆ ಗಾಳಿ ರಭಸದಿಂದ ಹೊರನುಗ್ಗಿ ಚಕ್ರವನ್ನು ತಿರುಗಿಸಬಲ್ಲದು. ಬಾರದ ನೀರಿಗೆ ಲೆಕ್ಕ ಬೀಳಬಲ್ಲದು. ಇದಕ್ಕೆ ವಿರುದ್ಧವಾಗಿ, ನೀರು ತೀರ ಸಣ್ಣಗೆ ಹರಿದರೆ ಚಕ್ರ ತಿರುಗದೆ ಬಂದ ನೀರು ಲೆಕ್ಕದಿಂದ ತಪ್ಪಿಹೋಗಬಹುದು. ಆದುದರಿಂದ ‘ಮೀಟರಿಗೆ ಗಾಳಿಯ ದುಡ್ಡನ್ನು ಕೊಡಬೇಕೇ’ ಎಂಬ ಜನರ ಪ್ರಶ್ನೆ ನಿರಾಧಾರವಾದುದಲ್ಲ.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಒಂದು ನಿದರ್ಶನವುಂಟು. ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ವಾರ್ಡುಗಳಿಗೆ ೨೦೦೮ರಿಂದ ದಿನದ ೨೪ ಗಂಟೆಯೂ ನೀರನ್ನು ಒದಗಿಸಲಾಯಿತು. ಅಲ್ಲಿ ಮೀಟರೂ ಅಳತೆದರವೂ ನಿರಂತರ ನೀರಿನೊಡನೆಯೇ ಬಂದವು. ಬಳಿಕ ಹುಬ್ಬಳ್ಳಿ–ಧಾರವಾಡದ ಸುಮಾರು ೪ ಸಾವಿರ ಮನೆಗಳನ್ನು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಿರಂತರ ನೀರಿನಿಂದ ಮಕ್ಕಳ ಅತಿಸಾರ ಒಟ್ಟಿನಲ್ಲಿ ಗಣನೀಯವಾಗಿ ಇಳಿಯದಿದ್ದರೂ ಬಡ ಮನೆಗಳಲ್ಲಿ ರಕ್ತಭೇದಿ ಕಡಮೆಯಾದುದನ್ನು ಕಂಡಿತು. ಹೀಗೆ ನಿರಂತರ ನೀರಿನ ಲಾಭ ಹಣದ ಲೆಕ್ಕಕ್ಕಷ್ಟೇ ಸೀಮಿತವಲ್ಲ.

೪. ಮನೆಯ ಲೆಕ್ಕ

ಇನ್ನು ಒಂದು ಸಂಸಾರದ ದೃಷ್ಟಿಯಿಂದ ನೋಡೋಣ. ಜಲಜೀವನ ಯೋಜನೆಯ ಮಾನದಂತೆ ಒಬ್ಬರಿಗೆ ದಿನಕ್ಕೆ ೫೫ ಲೀಟರು ನೀರು ಸಲ್ಲಬೇಕು. ೧೫ ಲೀಟರಿನ ಪ್ಲಾಸ್ಟಿಕ್ ಕೊಡದಲ್ಲಿ ಇದು ನಾಲ್ಕು ಕೊಡಕ್ಕಿಂತ ತುಸು ಕಡಮೆ. ಐದು ಮಂದಿಯ ಮನೆಗೆ ೩೦ ದಿನಗಳಲ್ಲಿ ೮,೨೫೦ ಲೀಟರು, ಎಂದರೆ ೮.೨೫ ಕಿಲೋಲೀಟರು ಬೇಕು. ದರಕ್ಕಾಗಿ, ಬೆಂಗಳೂರು ಜಲಮಂಡಳಿ ೨೦೧೪ರಲ್ಲಿ ಗೊತ್ತುಮಾಡಿ ೨೦೨೫ರ ಏಪ್ರಿಲಿನಲ್ಲಿ ಪರಿಷ್ಕರಿಸಿದ ಹಳೆಯ ಪಟ್ಟಿಯನ್ನು ಉದಾಹರಣೆಯಾಗಿ ಹಿಡಿಯೋಣ. ಅದರಲ್ಲಿ ಮೊದಲ ೮ ಕಿಲೋಲೀಟರಿಗೆ ತಲಾ ೭ ರೂಪಾಯಿ. ೮ರಿಂದ ೨೫ರವರೆಗೆ ತಲಾ ೧೧ ರೂಪಾಯಿ. ೨೫ರಿಂದ ೫೦ರವರೆಗೆ ತಲಾ ೨೬ ರೂಪಾಯಿ. ಅದಕ್ಕೆ ಮೇಲ್ಪಟ್ಟು ತಲಾ ೪೫ ರೂಪಾಯಿ. ಇತರ ಶುಲ್ಕಗಳನ್ನು ಬಿಟ್ಟು ನೀರಿನ ದರವೊಂದನ್ನೇ ಲೆಕ್ಕ ಹಾಕಿದರೆ ಐದು ಮಂದಿಯ ಮನೆಗೆ ತಿಂಗಳಿಗೆ ೫೮ ರೂಪಾಯಿ ೭೫ ಪೈಸೆ ಬೀಳುತ್ತದೆ; ತಲೆಗೆ ೧೧ ರೂಪಾಯಿ ೭೫ ಪೈಸೆ.

ಹನ್ನೆರಡು ಮಂದಿಯ ಕೂಡುಕುಟುಂಬವೊಂದು ಇದೇ ೫೫ ಲೀಟರಿನ ಮಾನದಲ್ಲಿ ಬಳಸಿದರೆ ತಿಂಗಳಿಗೆ ೧೯.೮ ಕಿಲೋಲೀಟರು ಆಗುತ್ತದೆ. ಅದಕ್ಕೆ ಬೀಳುವ ಹಣ ೧೮೫ ರೂಪಾಯಿ ೮೦ ಪೈಸೆ. ತಲೆಗೆ ಸುಮಾರು ೧೫ ರೂಪಾಯಿ ೫೦ ಪೈಸೆ. ಈ ಮನೆಯವರಲ್ಲಿ ಯಾರೂ ಒಂದು ತಂಬಿಗೆ ನೀರನ್ನೂ ಹೆಚ್ಚಾಗಿ ಚೆಲ್ಲಿಲ್ಲ. ಆದರೂ ತಲೆಯೊಂದಕ್ಕೆ ಹೆಚ್ಚು ಹಣವನ್ನು ಕೊಡುತ್ತಾರೆ. ಮೀಟರು ಅಳೆಯುವುದು ನಲ್ಲಿಯನ್ನು, ಮನೆಯ ಜನರನ್ನಲ್ಲ ಎಂಬುದೇ ಇದಕ್ಕೆ ಕಾರಣ.

ಇಂಗ್ಲೆಂಡಿನಲ್ಲಿ ಮನೆಯ ಬಾಡಿಗೆಯ ಮೌಲ್ಯಕ್ಕೆ ತಕ್ಕಂತೆ ನೀರಿನ ಕರವನ್ನು ವಿಧಿಸುವ ಹಳೆಯ ಪದ್ಧತಿಯಿತ್ತು. ೨೦೦೦ದಿಂದೀಚೆಗೆ ಮನೆಯವರು ಬಯಸಿದರೆ ಮೀಟರನ್ನು ಉಚಿತವಾಗಿ ಹಾಕಿಸಿಕೊಳ್ಳಬಹುದು. ಮನೆಯಲ್ಲಿ ಜನರಿಗಿಂತ ಮಲಗುವ ಕೋಣೆಗಳು ಹೆಚ್ಚಾಗಿದ್ದರೆ ಮೀಟರು ಲಾಭಕರ ಎಂಬುದು ಅಲ್ಲಿಯ ರೂಢಿಯ ಸೂತ್ರ. ನಮ್ಮ ಸೀಮೆಯ ಬಹುಪಾಲು ಮನೆಗಳಲ್ಲಿ ಕೋಣೆಗಿಂತ ಜನರೇ ಹೆಚ್ಚು. ಆದುದರಿಂದ ಆ ಸೂತ್ರ ಇಲ್ಲಿಗೆ ಒಗ್ಗುವುದಿಲ್ಲ. ನಮ್ಮ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು. ಸ್ಥಿರದರ ತಿಂಗಳಿಗೆ ೧೦೦ ರೂಪಾಯಿ ಎಂದು ಭಾವಿಸಿದರೆ, ಮೇಲಿನ ಪಟ್ಟಿಯಂತೆ ಅದೇ ಹಣಕ್ಕೆ ೧೨ ಕಿಲೋಲೀಟರು, ಎಂದರೆ ದಿನಕ್ಕೆ ೪೦೦ ಲೀಟರು ದೊರೆಯುತ್ತದೆ. ೫೫ ಲೀಟರಿನ ಮಾನದಲ್ಲಿ ಇದು ಏಳು ಮಂದಿಗೆ ಸಾಕು. ಹೀಗೆ ಏಳು ಮಂದಿಯವರೆಗಿನ ಮನೆಗೆ ಮೀಟರಿನಿಂದ ಲಾಭ. ಅದಕ್ಕಿಂತ ದೊಡ್ಡ ಮನೆಗೆ ಸ್ಥಿರದರವೇ ಮೇಲು. ದರಗಳು ಊರಿಂದೂರಿಗೆ ಬೇರೆಯಾದರೂ ಲೆಕ್ಕದ ಕ್ರಮ ಇದೇ.

ಮೀಟರನ್ನು ವಿರೋಧಿಸುವವರು ನೀರನ್ನು ಅಳೆದು ಕೊಳ್ಳುವುದನ್ನೇ ಒಲ್ಲರೆಂದು ಭಾವಿಸಬಾರದು. ಶುದ್ಧ ನೀರಿನ ಘಟಕದ ಮುಂದೆ ಕ್ಯಾನನ್ನು ಹಿಡಿದು ನಿಂತು, ನಾಣ್ಯವನ್ನು ಹಾಕಿ, ಅಳತೆಯ ನೀರನ್ನು ಹಳ್ಳಿಯವರು ದಿನವೂ ಕೊಳ್ಳುತ್ತಿದ್ದಾರೆ. ೨೦ ಲೀಟರಿಗೆ ೫ ರೂಪಾಯಿಯಾದರೆ ಒಂದು ಕಿಲೋಲೀಟರಿಗೆ ೨೫೦ ರೂಪಾಯಿ ಆಯಿತು. ಅಷ್ಟು ದುಬಾರಿಯಾದ ಅಳತೆಯನ್ನು ಒಪ್ಪಿದವರು ನಲ್ಲಿಯ ಅಳತೆಯನ್ನು ಒಪ್ಪದಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಘಟಕದಲ್ಲಿ ನಾಣ್ಯ ಬಿದ್ದರೆ ನೀರು ಕಣ್ಣೆದುರಿಗೆ ಬೀಳುತ್ತದೆ. ನಲ್ಲಿಯಲ್ಲಿ ಆ ಭರವಸೆಯಿಲ್ಲ.

೫. ಸಮಾಪ್ತಿ

ಮೇಲಿನ ವಿಚಾರದಿಂದ ಮೂರು ನಿರ್ಣಯಗಳು ದೊರೆಯುತ್ತವೆ. ಮೊದಲನೆಯದಾಗಿ, ನೀರು ನಿಯತವಾಗಿ ಬಾರದ ಊರಿನಲ್ಲಿ ಮೀಟರಿಗಿಂತ ಮುಂಚೆ ಬರಬೇಕಾದುದು ವಜಾ. ಸಾರಿದ ದಿನ ನೀರು ಬಿಡದಿದ್ದರೆ ಆ ಪ್ರಮಾಣದಷ್ಟು ಸ್ಥಿರದರವನ್ನು ಇಳಿಸತಕ್ಕದ್ದು. ಎರಡನೆಯದಾಗಿ, ಮೀಟರು ಬರುವಾಗ ನಿರಂತರ ನೀರಿನೊಡನೆಯೇ ಬರಬೇಕು. ಮೂರನೆಯದಾಗಿ, ದರದ ಹಂತಗಳನ್ನು ಕಟ್ಟುವಾಗ ಮನೆಯ ಜನಸಂಖ್ಯೆಯನ್ನು ಗಣಿಸಬೇಕು. ಇದು ಅಸಾಧ್ಯವಲ್ಲ. ಮೀಟರಿರುವ ಮನೆಗೆ ತಿಂಗಳಿಗೆ ೨೦ ಕಿಲೋಲೀಟರಿನವರೆಗೆ ಕರವಿಲ್ಲವೆಂಬ ಕ್ರಮವನ್ನು ದೆಹಲಿ ೨೦೧೫ರಲ್ಲಿ ತಂದಿತು. ಮೀಟರು ಹಾಕಿಸಿಕೊಂಡ ಬಡ ದೊಡ್ಡ ಸಂಸಾರಗಳ ಕರಕ್ಕೆ ಮಿತಿಯನ್ನಿಡುವ ಏರ್ಪಾಡು ಇಂಗ್ಲೆಂಡಿನಲ್ಲಿಯೂ ಉಂಟು.

ಈ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳು ಇದಕ್ಕೆ ಸಂಬಂಧಿಸಿದಂತೆ ಒಂದು ಉಪಯುಕ್ತವಾದ ಕೆಲಸವನ್ನು ಕೈಗೊಳ್ಳಬಹುದು. ತಮ್ಮ ಮನೆಗೆ ನೀರು ಬಂದ ದಿನ, ಬಂದ ಹೊತ್ತು, ತುಂಬಿದ ಕೊಡಗಳ ಸಂಖ್ಯೆ, ಮನೆಯಲ್ಲಿದ್ದ ಮಂದಿ, ಕೊಟ್ಟ ಹಣ ಇವಿಷ್ಟನ್ನು ಒಂದು ವರ್ಷಕಾಲ ಬರೆದಿಡಲಿ. ಮೀಟರಿರುವವರು ಅದರ ಅಂಕಿಗಳನ್ನೂ ಕೊಡಗಳ ಲೆಕ್ಕವನ್ನೂ ಹೋಲಿಸಿ ನೋಡಲಿ. ಬಳಸುವವನು ಎಷ್ಟು ಬಳಸಿದನೆಂಬುದನ್ನು ಮೀಟರು ಹೇಳಬಲ್ಲದು. ಕೊಡುವವನು ಎಷ್ಟು ದಿನ ಕೊಟ್ಟನೆಂಬುದನ್ನು ಇಂತಹ ಪುಸ್ತಕವೇ ಹೇಳಬೇಕು. ಎರಡು ಲೆಕ್ಕಗಳೂ ಎದುರುಬದುರಾಗಿ ಇದ್ದಾಗಲೇ ನೀರಿನ ಕರ ನ್ಯಾಯವಾದುದೋ ಅಲ್ಲವೋ ಎಂಬುದನ್ನು ನಿರ್ಣಯಿಸಲು ಸಾಧ್ಯ.