ಫೋನ್ ಕಿತ್ತುಕೊಂಡು ಓಟಕ್ಕೆ ಬಿಟ್ಟರು

'ದಿ ಅಮೇಜಿಂಗ್ ರೇಸ್' ಎಂಬ ಅಮೆರಿಕದ ರಿಯಾಲಿಟಿ ಶೋದಲ್ಲಿ ಸ್ಪರ್ಧಿಗಳು ಫೋನ್ ಒಯ್ಯುವಂತಿಲ್ಲ. ದಾರಿ ತಪ್ಪಿದರೆ ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳಬೇಕು. ತೀರಾ ಬೇಕೆನಿಸಿದರೆ ಅವರ ಫೋನನ್ನೇ ಎರಡು ನಿಮಿಷಕ್ಕೆ ಕಡ ಬೇಡಬಹುದು. ಪ್ರತಿ ಹಂತಕ್ಕೆ ಲೆಕ್ಕ ಹಾಕಿ ಕೊಟ್ಟ ಕೈಕಾಸಿನಲ್ಲೇ ಟ್ಯಾಕ್ಸಿ, ಬಸ್ಸು, ಊಟ ಎಲ್ಲವೂ ಮುಗಿಯಬೇಕು. ಇಂಥ ಆಟದ 28ನೇ ಸೀಸನ್ನಿಗೆ ಸಿಬಿಎಸ್ ವಾಹಿನಿ ಆರಿಸಿಕೊಂಡದ್ದು ಫೋನಿನಿಂದಲೇ ಹೆಸರು, ಹಣ ಎರಡನ್ನೂ ಸಂಪಾದಿಸಿದವರನ್ನು. 2016ರ ಫೆಬ್ರುವರಿ 12ರಂದು ಪ್ರಸಾರ ಆರಂಭಿಸಿದ ಆ ಸೀಸನ್ನಿನ ಹನ್ನೊಂದು ಜೋಡಿಗಳಲ್ಲಿ ಪ್ರತಿಯೊಂದರಲ್ಲೂ ಒಬ್ಬರಾದರೂ ಯೂಟ್ಯೂಬ್, ವೈನ್ ಅಥವಾ ಇನ್‌ಸ್ಟಾಗ್ರಾಂ ಮೂಲಕ ಮನೆಮಾತಾದವರಿದ್ದರು.

ಈ ಆಯ್ಕೆ ಒಂದೇ ದಿನದಲ್ಲಿ ಹೊಳೆದದ್ದಲ್ಲ. ಅದರ ಹಿಂದೆ ಹದಿನೈದು ವರ್ಷಗಳ ಕತೆಯಿದೆ.

ಶೋ ಹುಟ್ಟಿದ್ದೇ ಒಂದು ಜಗಳದ ನೆನಪಿನಿಂದ. ಎಲೀಸ್ ಡೊಗನಿಯೆರಿ ಕಾಲೇಜು ಮುಗಿಸಿ ಗೆಳತಿಯೊಬ್ಬಳ ಜೊತೆ ಬೆನ್ನಿಗೆ ಚೀಲ ಹಾಕಿಕೊಂಡು ಯುರೋಪ್ ಸುತ್ತಲು ಹೋಗಿದ್ದರು. ದಾರಿಯಲ್ಲಿ ಇಬ್ಬರಿಗೂ ಮಾತು ಬಿಟ್ಟುಹೋಗುವಷ್ಟು ಜಗಳವಾಯಿತು. ಮುಂದೆ ಅವರ ಪತಿ ಬರ್ಟ್ರಾಂ ವ್ಯಾನ್ ಮನ್‌ಸ್ಟರ್ ಟಿವಿಗೆ ಹೊಸ ಕಲ್ಪನೆ ಹೇಳು ನೋಡೋಣ ಎಂದು ಕೆಣಕಿದಾಗ ಎಲೀಸ್‌ಗೆ ನೆನಪಾದದ್ದು ಆ ಪ್ರಯಾಣ. ವ್ಯಾನ್ ಮನ್‌ಸ್ಟರ್ 'ಕಾಪ್ಸ್' ಕಾರ್ಯಕ್ರಮದಲ್ಲಿ ಪೊಲೀಸರ ಬೆನ್ನತ್ತಿ ಕ್ಯಾಮೆರಾ ಹೊತ್ತು ಓಡುವ ಕೆಲಸ ಮಾಡಿ ಪಳಗಿದವರು. ಪರಿಚಯವಿರುವ ಇಬ್ಬರನ್ನು ಪರಿಚಯವಿಲ್ಲದ ಊರಿನಲ್ಲಿ ಬಿಟ್ಟು, ನಿದ್ದೆಗೆಡಿಸಿ, ಗಡಿಯಾರ ತೋರಿಸಿ ಓಡಿಸಿದರೆ ಏನಾಗುತ್ತದೆ ಎಂಬುದೇ ಆಟವಾಯಿತು. ಬಹುಮಾನ ಹತ್ತು ಲಕ್ಷ ಡಾಲರ್. ನ್ಯೂಜಿಲೆಂಡಿನ ಫಿಲ್ ಕಿಯೊಗನ್ ನಿರೂಪಕ. ಮೊದಲ ಕಂತು ಪ್ರಸಾರವಾದದ್ದು 2001ರ ಸೆಪ್ಟೆಂಬರ್ 5ರಂದು. ಆರೇ ದಿನಕ್ಕೆ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು. ವಿಮಾನ ಹತ್ತುವುದೆಂದರೆ ಎದೆ ನಡುಗುತ್ತಿದ್ದ ಕಾಲದಲ್ಲಿ ವಿಮಾನ ನಿಲ್ದಾಣಗಳಲ್ಲೇ ಓಡಾಡುವ ಶೋ ಹೇಗೋ ಬದುಕಿಕೊಂಡಿತು. ಬದುಕಿದ್ದಷ್ಟೇ ಅಲ್ಲ, ರಿಯಾಲಿಟಿ ಸ್ಪರ್ಧೆಗಳಿಗೆಂದು 2003ರಲ್ಲಿ ಎಮ್ಮಿ ಪ್ರಶಸ್ತಿ ಶುರುವಾದಾಗ ಸತತ ಏಳು ವರ್ಷ ಅದನ್ನು ಬೇರೆ ಯಾರಿಗೂ ಬಿಡಲಿಲ್ಲ.

ಆ ಗೆಲುವಿನ ಗುಟ್ಟು ದೇಶಗಳಲ್ಲಿತ್ತು ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಹಾಗನಿಸುವುದಿಲ್ಲ. ದೇಶಗಳನ್ನು ತೋರಿಸಲು ಬೇರೆ ಚಾನೆಲ್ಲುಗಳೂ ಇದ್ದವು. ಇಲ್ಲಿ ನೋಡಲು ಸಿಗುತ್ತಿದ್ದುದು ಜೋಡಿಗಳು. ಮೊದಲ ಸೀಸನ್ನಿನಲ್ಲಿ ಬೇರೆಯಾಗಿ ಬದುಕುತ್ತಿದ್ದ ಗಂಡಹೆಂಡಿರಿದ್ದರು, ತಾಯಿ ಮಗಳಿದ್ದರು, ಗೆದ್ದವರು ಇಬ್ಬರು ವಕೀಲ ಗೆಳೆಯರು. ಇಂಥವರನ್ನು ಹುಡುಕುವುದು ಸಣ್ಣ ಕೆಲಸವಲ್ಲ. ಮನೆಯಲ್ಲೇ ಮಾಡಿ ಕಳಿಸಿದ ವಿಡಿಯೊಗಳನ್ನು ರಾಶಿಗಟ್ಟಲೆ ನೋಡಬೇಕು, ಆರಿಸಿದವರನ್ನು ಕರೆಸಿ ಮಾತಾಡಿಸಬೇಕು, ಅವರ ದೇಹ, ಮನಸ್ಸು, ಹಿನ್ನೆಲೆ ಎಲ್ಲವನ್ನೂ ಪರೀಕ್ಷಿಸಬೇಕು. 'ಸರ್ವೈವರ್' ಎಂಬ ಇನ್ನೊಂದು ರಿಯಾಲಿಟಿ ಶೋ ಮತ್ತು 'ರೇಸ್' ಎರಡಕ್ಕೂ ವರ್ಷಗಟ್ಟಲೆ ಸ್ಪರ್ಧಿಗಳನ್ನು ಆರಿಸಿದ ಲಿನ್ ಸ್ಪಿಲ್‌ಮನ್ ಅವರಂಥವರು ಹುಡುಕುತ್ತಿದ್ದದ್ದು ಕ್ಯಾಮೆರಾ ಎದುರು ಬಾಯಿ ಕಟ್ಟದ, ಆದರೆ ನಾಟಕವಾಡುತ್ತಿದ್ದಾರೆ ಎನಿಸದ ಜನರನ್ನು. ಈ ಎರಡೂ ಗುಣ ಒಬ್ಬರಲ್ಲೇ ಸಿಗುವುದು ಅಪರೂಪ.

ಹೆಸರುವಾಸಿಗಳು ಈ ಓಟದೊಳಗೆ ನುಸುಳಿದ್ದು ನಿಧಾನವಾಗಿ. 2005ರ ಏಳನೇ ಸೀಸನ್ನಿಗೆ 'ಸರ್ವೈವರ್'ನಲ್ಲಿ ಮನೆಮಾತಾಗಿದ್ದ ರಾಬ್ ಮರಿಯಾನೊ ಮತ್ತು ಆ್ಯಂಬರ್ ಬರ್ಕಿಚ್ ಬಂದರು. ಎಲ್ಲಿ ಹೋದರೂ ಜನ ಗುರುತು ಹಿಡಿದು ಓಡಿಬಂದು ಸಹಾಯ ಮಾಡುತ್ತಿದ್ದರು. ಉಳಿದ ಜೋಡಿಗಳು ಇದು ನ್ಯಾಯವೇ ಎಂದು ಮುನಿಸಿಕೊಂಡರು. ಅಷ್ಟಾದರೂ ರಾಬ್ ಮತ್ತು ಆ್ಯಂಬರ್ ಎರಡನೇ ಸ್ಥಾನಕ್ಕೇ ನಿಂತರು, ಉಚೆನ್ನಾ ಮತ್ತು ಜಾಯ್ಸ್ ಅಗು ದಂಪತಿ ಗೆದ್ದರು. 2009ರಲ್ಲಿ ಚಿತ್ರಕತೆಗಾರ ಮೈಕ್ ವೈಟ್ ತಮ್ಮ ತಂದೆ ಮೆಲ್ ಜೊತೆ ಓಡಿದರು. ಮುಂದೆ 'ದಿ ವೈಟ್ ಲೋಟಸ್' ಸರಣಿ ಬರೆದು ನಿರ್ದೇಶಿಸಿದವರು ಇವರೇ.

ಯೂಟ್ಯೂಬಿನ ಬಾಗಿಲು ತೆರೆದದ್ದು 2010ರ 17ನೇ ಸೀಸನ್ನಿನಲ್ಲಿ. 'ಕೆವ್‌ಜಂಬಾ' ಹೆಸರಿನ ಚಾನೆಲ್ ನಡೆಸುತ್ತಿದ್ದ ಕೆವಿನ್ ವು ತಮ್ಮ ತಂದೆ ಮೈಕಲ್ ಅವರನ್ನು ಕರೆತಂದಿದ್ದರು. ಕೆವಿನ್ ವಿಡಿಯೊಗಳಲ್ಲಿ ಅಪ್ಪ ಆಗಲೇ ಪಾತ್ರವಾಗಿದ್ದರಿಂದ ಚಾನೆಲ್ಲಿನ ನೋಡುಗರಿಗೆ ಈ ಜೋಡಿ ಹೊಸದಲ್ಲ. ಟಿವಿಯವರಿಗೆ ಇದರಲ್ಲಿ ಎರಡು ಲಾಭ ಕಂಡಿರಬೇಕು. ಒಂದು, ಆಡಿಷನ್ ಮಾಡುವ ಕೆಲಸವೇ ಇಲ್ಲ. ನೂರಾರು ವಿಡಿಯೊಗಳು ಅಲ್ಲೇ ಬಿದ್ದಿವೆ, ಯಾರು ಹೇಗೆ ನಗುತ್ತಾರೆ, ಹೇಗೆ ಸಿಟ್ಟಾಗುತ್ತಾರೆ ಎಂದು ನೋಡಿಕೊಂಡರೆ ಸಾಕು. ಎರಡು, ಸ್ಪರ್ಧಿಯ ಹಿಂದೆ ಅವನ ನೋಡುಗರೂ ಟಿವಿ ಮುಂದೆ ಬಂದು ಕೂರಬಹುದು. 2013ರ 22ನೇ ಸೀಸನ್ನಿಗೆ ಜೋಯಿ ಗ್ರಸೆಫಾ, ಮೆಗನ್ ಕ್ಯಾಮರೀನಾ ಎಂಬ ಯೂಟ್ಯೂಬ್ ಗೆಳೆಯರು ಬಂದರು. ಮರುವರ್ಷದ ಆಲ್-ಸ್ಟಾರ್ಸ್ ಸೀಸನ್ನಿಗೂ ಅವರನ್ನು ಕರೆದರು.

ಅಷ್ಟರಲ್ಲಿ ವಾಹಿನಿಗೆ ಬೇರೆ ಚಿಂತೆ ಶುರುವಾಗಿತ್ತು. ಭಾನುವಾರ ರಾತ್ರಿಯ ಒಳ್ಳೆಯ ಜಾಗದಲ್ಲಿದ್ದ ಶೋ 2014ರ ಸೆಪ್ಟೆಂಬರಿನಿಂದ ಶುಕ್ರವಾರಕ್ಕೆ ಸರಿಯಿತು. ಅಮೆರಿಕದಲ್ಲಿ ಶುಕ್ರವಾರ ರಾತ್ರಿ ಎಂದರೆ ಹುಡುಗ ಹುಡುಗಿಯರು ಮನೆಯಲ್ಲಿ ಇರದ ಹೊತ್ತು. ಅಲ್ಲಿಂದ ಪ್ರತಿ ಸೀಸನ್ನಿಗೂ ಏನಾದರೊಂದು ಹೊಸ ಗಿಮಿಕ್ ಬೇಕಾಯಿತು. 2015ರಲ್ಲಿ ಕೆಲವು ಜೋಡಿಗಳು ಓಟ ಶುರುವಾಗುವ ಜಾಗದಲ್ಲೇ ಮೊದಲ ಬಾರಿ ಮುಖ ನೋಡಿಕೊಂಡ 'ಬ್ಲೈಂಡ್ ಡೇಟ್' ಪ್ರಯೋಗವಾಯಿತು. ಅದಾದ ಮೇಲೆ ಸರದಿ ಸೋಷಿಯಲ್ ಮೀಡಿಯಾದ್ದು.

ಪಟ್ಟಿ ನೋಡಿದರೆ ಆ ಕಾಲದ ಅಂತರ್ಜಾಲದ ಜನಗಣತಿಯಂತಿದೆ. 2007ರಿಂದ ಯೂಟ್ಯೂಬಿನಲ್ಲಿದ್ದು ಲಕ್ಷಾಂತರ ಹದಿಹರೆಯದವರ ಆಪ್ತನಾಗಿದ್ದ ಟೈಲರ್ ಓಕ್ಲಿ ಗೆಳೆಯ ಕೋರಿ ಕೂಲ್ ಜೊತೆ ಬಂದಿದ್ದರು. ವಿಡಿಯೊದಲ್ಲಿ ಕಣ್ಕಟ್ಟು ಮಾಡುವ ಜ್ಯಾಕ್ ಕಿಂಗ್ ಪತ್ನಿ ರೇಚೆಲ್ ಜೊತೆ. ವಿಡಿಯೊ ಗೇಮಿನ ಪಾತ್ರಗಳನ್ನೇ ಬಳಸಿ 2003ರಲ್ಲಿ 'ರೆಡ್ ವರ್ಸಸ್ ಬ್ಲೂ' ಸರಣಿ ಮಾಡಿದ ರೂಸ್ಟರ್ ಟೀತ್ ಸಂಸ್ಥೆಯ ಬರ್ನಿ ಬರ್ನ್ಸ್. ಫ್ರಿಸ್ಬಿ ಎಸೆಯುವ ಕಸರತ್ತಿನಿಂದ ಹೆಸರಾದ ಬ್ರೋಡಿ ಸ್ಮಿತ್. ಮೇಕಪ್ ಪಾಠ ಹೇಳಿಕೊಡುವ ಬ್ಲೇರ್ ಫೌಲರ್ ತಂದೆ ಸ್ಕಾಟ್ ಜೊತೆ. ಆರು ಸೆಕೆಂಡಿನ ವೈನ್ ವಿಡಿಯೊಗಳ ಕೋಲ್ ಲಬ್ರಾಂಟ್ ತಾಯಿ ಶೆರಿ ಜೊತೆ. ವಿಮಾನದಲ್ಲಿ ಸೀಟ್ ಬೆಲ್ಟ್ ಸೂಚನೆಗಳನ್ನು ನಗೆಹನಿಯಾಗಿ ಹೇಳಿ 2014ರಲ್ಲಿ ವೈರಲ್ ಆದ ಗಗನಸಖಿ ಮಾರ್ಟಿ ಕಾಬ್ ಕೂಡ ಇದ್ದರು. ಉಳಿದವರೆಲ್ಲ ಪ್ರಸಿದ್ಧಿಯನ್ನು ದುಡಿದು ಕಟ್ಟಿಕೊಂಡವರು, ಮಾರ್ಟಿಯವರದು ಮಾತ್ರ ತಾನಾಗಿ ಬಂದು ಬಿದ್ದದ್ದು.

ಆರಂಭವೂ ಈ ಜನಕ್ಕೆ ತಕ್ಕಂತೆಯೇ ಇತ್ತು. ಬೇರೆ ಸೀಸನ್ನುಗಳಲ್ಲಿ ಎಲ್ಲರನ್ನೂ ಒಂದೆಡೆ ಸೇರಿಸಿ ಸೀಟಿ ಊದಿದಂತೆ ಓಡಿಸುತ್ತಿದ್ದರು. ಇಲ್ಲಿ ಅವರವರ ಮನೆಯಲ್ಲೇ, ಅವರೇ ಹಿಡಿದ ಸೆಲ್ಫಿ ಕ್ಯಾಮೆರಾದಲ್ಲಿ ಓಟ ಶುರುವಾಗಿ ಮೆಕ್ಸಿಕೊ ಸಿಟಿಯಲ್ಲಿ ಜೋಡಿಗಳು ಕೂಡಿದವು. ಅಲ್ಲಿಂದ ಮುಂದೆ ಕೊಲಂಬಿಯಾ, ಸ್ವಿಟ್ಜರ್‌ಲೆಂಡ್, ಫ್ರಾನ್ಸ್, ಅರ್ಮೇನಿಯಾ, ಜಾರ್ಜಿಯಾ, ದುಬೈ, ಬಾಲಿ, ಚೀನಾದ ಶೆನ್‌ಜೆನ್. ಹಿಂದಿನ ಸೀಸನ್ ಆಗ್ರಾಕ್ಕೆ ಬಂದು ಹೋಗಿತ್ತು, ಈ ಬಾರಿ ಭಾರತ ದಾರಿಯಲ್ಲಿ ಇರಲಿಲ್ಲ.

ನಮ್ಮವರಿಗೆ ಪ್ರಯಾಣ ಮತ್ತು ಯೂಟ್ಯೂಬ್ ಎಂದೊಡನೆ ನೆನಪಾಗುವುದು ಡಾಕ್ಟರ್ ಬ್ರೋ, ಅಂದರೆ ಗಗನ್ ಶ್ರೀನಿವಾಸ್. 'ನಮಸ್ಕಾರ ದೇವ್ರು' ಎಂದು ಶುರುಮಾಡಿ ಅಫ್ಘಾನಿಸ್ತಾನದ ಸಂತೆಯನ್ನೂ ಕನ್ನಡದಲ್ಲೇ ತೋರಿಸುವ ಹುಡುಗ. ಅಲ್ಲಿ ಕ್ಯಾಮೆರಾ ಅವರದೇ, ಎಲ್ಲಿ ನಿಲ್ಲಬೇಕು, ಏನು ತೋರಿಸಬೇಕು, ಏನು ಬಿಡಬೇಕು ಎಂಬ ತೀರ್ಮಾನವೂ ಅವರದೇ. 'ರೇಸ್'ಗೆ ಬಂದ ತಾರೆಯರು ಕಳೆದುಕೊಂಡದ್ದು ಮುಖ್ಯವಾಗಿ ಇದನ್ನು. ಫೋನು ಹೋಯಿತು ಎಂಬುದು ಮೇಲ್ನೋಟದ ಮಾತು. ಪ್ರತಿ ಜೋಡಿಯ ಹಿಂದೆ ಕ್ಯಾಮೆರಾದವರೊಬ್ಬರು, ಧ್ವನಿಯವರೊಬ್ಬರು ಓಡುತ್ತಿರುತ್ತಾರೆ. ಅವರು ತೆಗೆದದ್ದನ್ನು ಕತ್ತರಿಸುವವರು ಇನ್ಯಾರೋ. ವರ್ಷಗಟ್ಟಲೆ ತಮ್ಮ ಮುಖವನ್ನು ತಾವೇ ಎಡಿಟ್ ಮಾಡಿಕೊಂಡು ಬಂದವರಿಗೆ, ಟ್ಯಾಕ್ಸಿ ಸಿಗದೆ ರೇಗಿದ ಕ್ಷಣವನ್ನು 'ಡಿಲೀಟ್' ಮಾಡುವ ಗುಂಡಿ ಇರಲಿಲ್ಲ. ನೃತ್ಯ ಕಲಾವಿದರಾದ ಡೇನಾ ಬೊರಿಯೆಲ್ಲೊ ಮತ್ತು ಮ್ಯಾಟ್ ಸ್ಟೆಫಾನಿನಾ ಆಗ ನಿಶ್ಚಿತಾರ್ಥ ಮಾಡಿಕೊಂಡಿದ್ದ ಜೋಡಿ. ಮ್ಯಾಟ್ ಅವರ ಯೂಟ್ಯೂಬ್ ನೃತ್ಯಪಾಠಗಳಲ್ಲಿ ಎಲ್ಲವೂ ತಾಳಕ್ಕೆ ಸರಿಯಾಗಿ ನಡೆಯುತ್ತದೆ. ಓಟದಲ್ಲಿ ಇಬ್ಬರ ಜಟಾಪಟಿ ದೇಶಕ್ಕೆಲ್ಲ ಕಂಡಿತು, ಡೇನಾ ಅವರ ಸಿಟ್ಟಿಗೆ ನೋಡುಗರು ಸಾಕಷ್ಟು ಮಾತೂ ಆಡಿದರು.

ಇನ್ನೊಂದು ತೊಡಕು ಗುಟ್ಟಿನದು. ಚಿತ್ರೀಕರಣಕ್ಕೆ ಸುಮಾರು ಮೂರು ವಾರ, ಪ್ರಸಾರ ತಿಂಗಳುಗಳ ನಂತರ, ಅಲ್ಲಿಯವರೆಗೆ ಯಾರು ಗೆದ್ದರೆಂದು ಬಾಯಿ ಬಿಡುವಂತಿಲ್ಲ. ಗುಮಾಸ್ತರೊಬ್ಬರು ಮೂರು ವಾರ ರಜೆ ಹಾಕಿದರೆ ಊರಿಗೆ ಗೊತ್ತಾಗುವುದಿಲ್ಲ. ದಿನಕ್ಕೊಂದು ವಿಡಿಯೊ ಹಾಕುವವನು ನಾಲ್ಕು ದಿನ ಸುಮ್ಮನಾದರೆ ಅಭಿಮಾನಿಗಳು ಹುಡುಕಲು ಹೊರಡುತ್ತಾರೆ. ಎಲ್ಲೋ ಒಂದು ಚೌಕದಲ್ಲಿ ಯಾರೋ ತೆಗೆದ ಫೋಟೊ ಸಾಕು, ಯಾರಿನ್ನೂ ಉಳಿದಿದ್ದಾರೆಂದು ಲೆಕ್ಕ ಹಾಕಲು.

ಇಲ್ಲಿ ನಮ್ಮ ಬಿಗ್ ಬಾಸ್ ನೆನಪಾಗದೆ ಇರುವುದಿಲ್ಲ. 2022ರಲ್ಲಿ ವೂಟ್‌ನಲ್ಲಿ ಬಂದ ಬಿಗ್ ಬಾಸ್ ಕನ್ನಡ ಓಟಿಟಿಯಲ್ಲಿ ಸೋನು ಶ್ರೀನಿವಾಸ್ ಗೌಡ ಅವರಂಥ ಸೋಷಿಯಲ್ ಮೀಡಿಯಾ ಮುಖಗಳಿಗೆ ಜಾಗ ಸಿಕ್ಕಿತು. ಮರುವರ್ಷ ಹಿಂದಿಯಲ್ಲಿ ಯೂಟ್ಯೂಬರ್ ಎಲ್ವಿಶ್ ಯಾದವ್ ನಡುವೆ ವೈಲ್ಡ್ ಕಾರ್ಡ್‌ನಲ್ಲಿ ಬಂದು ಓಟಿಟಿ ಎರಡನೇ ಸೀಸನ್ನನ್ನು ಗೆದ್ದೇಬಿಟ್ಟರು. ಅಲ್ಲಿ ಹಿಂಬಾಲಕರೆಂದರೆ ಮತಗಳು. ಮನೆಯೊಳಗೆ ಏನೂ ಮಾಡದೆ ಕೂತರೂ ಹೊರಗಿನ ಸೈನ್ಯ ಉಳಿಸಬಹುದು. 'ಅಮೇಜಿಂಗ್ ರೇಸ್'ನಲ್ಲಿ ಮತದಾನವೇ ಇಲ್ಲ. ಯಾರು ಮೊದಲು ಬಂದು ಹಂತದ ಕೊನೆಯಲ್ಲಿ ಹಾಸಿದ ಚಾಪೆಯ ಮೇಲೆ ನಿಂತರೋ ಅವರು ಮೊದಲು, ಕೊನೆಗೆ ಬಂದವರು ಬಹುತೇಕ ಮನೆಗೆ. ಎಂಬತ್ತು ಲಕ್ಷ ಜನ ಹಿಂಬಾಲಿಸಿದರೂ ಅರ್ಮೇನಿಯಾದ ಯೆರೆವಾನಿನ ಟ್ಯಾಕ್ಸಿಯವನಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಅದಕ್ಕೇ ಈ ಸೀಸನ್ ನನಗೆ ಬಿಗ್ ಬಾಸ್‌ಗಿಂತ ಪ್ರಾಮಾಣಿಕವಾಗಿ ಕಾಣುತ್ತದೆ. ವಾಹಿನಿ ಕೊಂಡದ್ದು ಪ್ರಸಿದ್ಧಿಯನ್ನು, ಆದರೆ ಆಟ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಫಲಿತಾಂಶವನ್ನೇ ನೋಡಿ. ಮೇ 13ರಂದು ಪ್ರಸಾರವಾದ ಕೊನೆಯ ಕಂತಿನಲ್ಲಿ ಗೆದ್ದವರು ಜಗಳವಾಡುತ್ತಲೇ ಓಡಿದ ಡೇನಾ ಮತ್ತು ಮ್ಯಾಟ್. ಎಲ್ಲರಿಗಿಂತ ದೊಡ್ಡ ಹೆಸರಿನ ಟೈಲರ್ ಓಕ್ಲಿ ಮೂರನೇ ಸ್ಥಾನ. ಎರಡನೆಯವರಾಗಿ ಬಂದದ್ದು ಶೆರಿ ಮತ್ತು ಕೋಲ್, ಅಂದರೆ ಅಮ್ಮ ಮತ್ತು ಮಗ. ಆರಂಭದಲ್ಲಿ ಈ ಜೋಡಿ ಇಷ್ಟು ದೂರ ಬರುತ್ತದೆಂದು ಯಾರೂ ಎಣಿಸಿರಲಾರರು. ಮಗನಿಗೆ ಇಪ್ಪತ್ತರ ಆಸುಪಾಸು, ಕ್ಯಾಮೆರಾ ಎಂದರೆ ನೀರು ಕುಡಿದಷ್ಟು ಸಲೀಸು. ಅಮ್ಮನಿಗೆ ಕೋಪ, ಭಯ, ದಣಿವು, ದೇವರ ನೆನಪು ಎಲ್ಲವೂ ಮುಖದ ಮೇಲೆಯೇ. ಆಯ್ಕೆ ಮಾಡಿದವರು ತಾರೆಯರನ್ನು ಮಾರಲು ಹೊರಟಿದ್ದರು. ಕಾರ್ಯಕ್ರಮವನ್ನು ಎತ್ತಿ ಹಿಡಿದವರು ತಾರೆಯರ ಪಕ್ಕದಲ್ಲಿ ಓಡಿದವರು. ಕೆವಿನ್ ವು ಕಾಲದಲ್ಲೂ ಹಾಗೆಯೇ ಆಗಿತ್ತು, ನೋಡುಗರ ಪ್ರೀತಿಯ ದೊಡ್ಡ ಪಾಲು ಅಪ್ಪನಿಗೆ ಹೋಗಿತ್ತು.

ಪ್ರಯೋಗ ಒಂದೇ ಬಾರಿಗೆ ನಿಂತಿತು. 2017ರ 29ನೇ ಸೀಸನ್ನಿಗೆ ವಾಹಿನಿ ನೇರ ಎದುರು ದಿಕ್ಕಿಗೆ ಹೊರಳಿ, ಒಬ್ಬರಿಗೊಬ್ಬರು ಗುರುತಿಲ್ಲದ 22 ಜನರನ್ನು ಆರಂಭದ ಗೆರೆಯ ಬಳಿ ಜೋಡಿ ಮಾಡಿ ಓಡಿಸಿತು. 30ನೇ ಸೀಸನ್ನನ್ನು ಗೆದ್ದವರು 'ಬಿಗ್ ಬ್ರದರ್' ರಿಯಾಲಿಟಿ ಶೋದ ಮನೆಯಲ್ಲಿ ಜೊತೆಯಾದ ಕೋಡಿ ಮತ್ತು ಜೆಸಿಕಾ. 2019ರಲ್ಲಿ ಹಳೆಯ ರಿಯಾಲಿಟಿ ಶೋಗಳ ಮುಖಗಳೇ ಮತ್ತೆ ಬಂದವು. ಯೂಟ್ಯೂಬಿನ ಹಿಂಬಾಲಕರು ಶುಕ್ರವಾರ ಎಂಟು ಗಂಟೆಗೆ ಟಿವಿ ಮುಂದೆ ಕೂರುವ ಜಾತಿಯವರಲ್ಲ ಎಂಬುದು ವಾಹಿನಿಗೆ ಅರ್ಥವಾಗಿರಬೇಕು. ತಮ್ಮ ಮೆಚ್ಚಿನವನನ್ನು ನೋಡಲು ಅವರಿಗೆ ಅಂಗೈಯಲ್ಲೇ ದಾರಿ ಇದೆ, ಅದೂ ಜಾಹೀರಾತಿನ ನಡುವೆ ಒಂದು ಗಂಟೆ ಕಾಯದೆ.

ಆ ಹನ್ನೊಂದು ಜೋಡಿಗಳು ನಿಂತಿದ್ದ ನೆಲವೂ ಬೇಗ ಸರಿಯಿತು. ಸೀಸನ್ ಮುಗಿದ ವರ್ಷದ ಅಕ್ಟೋಬರಿನಲ್ಲೇ ವೈನ್ ಮುಚ್ಚುವುದಾಗಿ ಟ್ವಿಟರ್ ಘೋಷಿಸಿತು, 2017ರ ಜನವರಿಯಲ್ಲಿ ಅದು ಮುಗಿಯಿತು. ಟೈಲರ್ ಓಕ್ಲಿ 2020ರ ಕೊನೆಯಲ್ಲಿ ಯೂಟ್ಯೂಬಿಗೆ ವಿದಾಯ ಹೇಳಿದರು. ರೂಸ್ಟರ್ ಟೀತ್ ಸಂಸ್ಥೆಯನ್ನು ಅದರ ಒಡೆಯ ಕಂಪನಿ 2024ರಲ್ಲಿ ಮುಚ್ಚಿತು. ಜ್ಯಾಕ್ ಕಿಂಗ್ ಮಾತ್ರ ವೈನ್‌ನಿಂದ ಟಿಕ್‌ಟಾಕ್‌ಗೆ ಹಾರಿ ಇನ್ನೂ ದೊಡ್ಡವರಾದರು. ಇದೇ ವೇಳೆ, ಹಳೆಯ ಕಾಲದ್ದೆಂದು ಯಾರೂ ಲೆಕ್ಕಕ್ಕಿಡದ ಟಿವಿ ಓಟ ಹೊಸ ಹೊಸ ಸೀಸನ್ನುಗಳೊಂದಿಗೆ ಮುಂದುವರಿದೇ ಇದೆ.

ಕನ್ನಡದಲ್ಲಿ ಪಟ್ಟಣದ ಹುಡುಗಿಯರನ್ನು ಹಳ್ಳಿಗೆ ಕರೆದೊಯ್ದ ಶೋ ಬಂದಿದೆ, ಬಿಗ್ ಬಾಸ್ ಬೇರೂರಿದೆ. ಮುಂದೊಂದು ದಿನ ಯಾವುದಾದರೂ ವಾಹಿನಿ ಬೀದರಿನಿಂದ ಚಾಮರಾಜನಗರದವರೆಗೆ ಜೋಡಿಗಳನ್ನು ಓಡಿಸುವ ಶೋ ಮಾಡಬಹುದು, ಅದಕ್ಕೆ ರೀಲ್ಸ್ ತಾರೆಯರನ್ನು ಹುಡುಕಲೂಬಹುದು. ಆ ವಾಹಿನಿಯವರಲ್ಲಿ ನನ್ನದೊಂದು ವಿನಂತಿ. ಜೋಡಿಗೆ ಒಬ್ಬ ತಾರೆ ಸಾಕು. ಇನ್ನೊಬ್ಬರಾಗಿ ಅವರ ಅಮ್ಮನನ್ನೋ ಸೋದರಮಾವನನ್ನೋ ಕರೆತನ್ನಿ, ಫೋನನ್ನು ಮಾತ್ರ ಓಟ ಮುಗಿಯುವವರೆಗೆ ವಾಪಸ್ ಕೊಡಬೇಡಿ.